ಬಿತ್ತುವ ಮುನ್ನ ಬೀಜಕ್ಕೆ ನೀರು

ವಾಚಕ ಬಂಧುಗಳಲ್ಲಿ ಒಬ್ಬರು, ಬಸವೇಶ್ವರನಗರದಲ್ಲಿ ನೆಲೆಸಿರುವ ನಿವೃತ್ತ ಉಪಾಧ್ಯಾಯರು, ಈ ಅಂಕಣಕ್ಕೆ ಎರಡು ಪುಟಗಳ ಪತ್ರವೊಂದನ್ನು ಬರೆದಿದ್ದಾರೆ. ಮಾಗಡಿ ತಾಲ್ಲೂಕಿನಲ್ಲಿ ಅವರಿಗೆ ಪಿತ್ರಾರ್ಜಿತವಾದ ಎರಡೆಕರೆ ಭೂಮಿಯಿದೆ; ಒಂದು ಕೊಳವೆಬಾವಿಯೂ ಇದೆ. ನಿವೃತ್ತಿಯ ನಂತರ ವಾರಕ್ಕೆ ಮೂರು ದಿನ ಅಲ್ಲಿಯೇ ಇದ್ದು ರಾಗಿ ಬೆಳೆಯುತ್ತಿದ್ದಾರೆ. ಬಿತ್ತುವ ಮೊದಲು ಬೀಜವನ್ನು ನೆನೆಸಿ ಹದಗೊಳಿಸಿದರೆ ಪೈರು ಒಂದೇ ಸಮನಾಗಿ ಏಳುತ್ತದೆ ಎಂಬುದನ್ನು ಕೃಷಿ ಕೈಪಿಡಿಯಲ್ಲಿ ಓದಿ, ಬೇಸಿಗೆಯ ನೀರಾವರಿ ಬೆಳೆಗೆಂದು ಜನವರಿಯಲ್ಲಿ ಅರ್ಧ ಚೀಲ ರಾಗಿಯನ್ನು ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಹಜಾರದ ತೊಲೆಗೆ ತೂಗುಹಾಕಿದರಂತೆ. ಕೈಪಿಡಿ ಹೇಳಿದ ಎರಡು ದಿನಗಳು ಕಳೆದರೂ ಒಂದು ಕಾಳೂ ಬಾಯಿ ಬಿಡಲಿಲ್ಲ. ಬೀಜ ಸತ್ತಿದೆಯೆಂದು ನಿರ್ಧರಿಸಿ ಕೋಳಿಗಳಿಗೆ ಸುರಿದರು. ಅದೇ ಚೀಲದ ಉಳಿದರ್ಧವನ್ನು ಮೇ ತಿಂಗಳ ಕೊನೆಯಲ್ಲಿ, ಈ ಬಾರಿ ತಗಡಿನ ಸೂರಿನ ಕೊಟ್ಟಿಗೆಯಲ್ಲಿ, ಹಾಗೆಯೇ ಕಟ್ಟಿಟ್ಟರು. ಎರಡು ದಿನ ಮುಗಿದು ಗಂಟು ಬಿಚ್ಚಿದಾಗ ಬೀಜವೆಲ್ಲ ಉದ್ದುದ್ದ ಮೊಳಕೆ ಬಿಟ್ಟು ಒಂದಕ್ಕೊಂದು ಹೆಣೆದುಕೊಂಡಿತ್ತು. ಕೈಪಿಡಿಯ ಮಾತಿನಂತೆ ಅದನ್ನು ನೆರಳಿನಲ್ಲಿ ಒಣಗಿಸಿ ಬಿತ್ತಿದರು. ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಪೈರು ಕಂಡಿತೇ ವಿನಾ ಸಾಲು ತುಂಬಲಿಲ್ಲ. "ಕೈಪಿಡಿ ತಪ್ಪೋ, ಬೀಜ ತಪ್ಪೋ, ನಾನು ತಪ್ಪೋ ತಿಳಿಸಿಕೊಡಬೇಕು" ಎಂದು ಅವರ ಪ್ರಶ್ನೆ.

ಪತ್ರದ ಅಂಚಿನಲ್ಲಿ ಅವರೇ ಇನ್ನೊಂದು ಸಾಲನ್ನೂ ಸೇರಿಸಿದ್ದಾರೆ. ಈ ಸಂಗತಿಯನ್ನೆಲ್ಲ ಕೇಳಿದ ಅವರ ಮನೆಯವರು, "ಗಡಿಯಾರ ನೋಡಿ ಯಾರಾದರೂ ಮೊಳಕೆ ಕಟ್ಟುತ್ತಾರೇನ್ರೀ? ಗಂಟು ಬಿಚ್ಚಿ ನೋಡಿ ಕಟ್ಟುತ್ತಾರೆ" ಎಂದು ನಕ್ಕರಂತೆ. ಪ್ರಶ್ನೆಗೆ ಉತ್ತರವು ಆ ತಾಯಿಯ ಮಾತಿನಲ್ಲಿಯೇ ಮುಕ್ಕಾಲು ಪಾಲು ಅಡಗಿದೆ. ಉಳಿದ ಕಾಲು ಪಾಲನ್ನು ಬಿಡಿಸಿ ಹೇಳುವುದಷ್ಟೇ ನನ್ನ ಕೆಲಸ.

ನಮ್ಮ ಮನೆಗಳಲ್ಲಿ ಮಗುವಿಗೆ ರಾಗಿ ಸರಿ ಮಾಡುವ ಪದ್ಧತಿಯನ್ನು ನೆನಪಿಸಿಕೊಳ್ಳಿರಿ. ರಾಗಿಯನ್ನು ತೊಳೆದು, ನೆನೆಸಿ, ನೀರು ಬಸಿದು, ತೆಳುವಾದ ಬಟ್ಟೆಯಲ್ಲಿ ಕಟ್ಟಿಡುತ್ತಾರೆ. ಮೊಳಕೆ ಮೂಡಿದ ಮೇಲೆ ನೆರಳಿನಲ್ಲಿ ಒಣಗಿಸಿ, ಹುರಿದು, ಬೀಸಿ, ವಸ್ತ್ರಗಾಳಿತ ಮಾಡುತ್ತಾರೆ. ಬೇಸಿಗೆಯಲ್ಲಿ ಸಂಜೆ ಕಟ್ಟಿದ ಗಂಟು ಮರುದಿನವೇ ಬಿಳಿಯ ಮೊಳಕೆಯನ್ನು ತೋರಿಸುವುದೆಂದೂ, ಧನುರ್ಮಾಸದ ಚಳಿಯಲ್ಲಿ ಅದೇ ಗಂಟನ್ನು ಒಲೆಯ ಪಕ್ಕದಲ್ಲಿಟ್ಟು ಮೂರು ದಿನ ಕಾಯಬೇಕೆಂದೂ ಯಾವ ಗೃಹಿಣಿಗೂ ಹೇಳಿಕೊಡಬೇಕಾಗಿಲ್ಲ. ಅಡುಗೆಮನೆಯಲ್ಲಿ ಇಷ್ಟು ಸ್ಪಷ್ಟವಾಗಿರುವ ಈ ತಿಳಿವಳಿಕೆ ಹೊಲದ ಬದುವನ್ನು ದಾಟುವ ವೇಳೆಗೆ ಹೇಗೋ ಕಳೆದುಹೋಗುತ್ತದೆ. ಅಲ್ಲಿ ನಾವು ಗಂಟೆಗಳನ್ನು ಎಣಿಸತೊಡಗುತ್ತೇವೆ.

ಮೊದಲು ಬೀಜದೊಳಗೆ ನಡೆಯುವ ವ್ಯಾಪಾರವನ್ನು ತಿಳಿಯೋಣ. ಒಣಗಿದ ಬೀಜವು ಸತ್ತ ವಸ್ತುವಲ್ಲ, ಉಸಿರನ್ನು ಅತ್ಯಂತ ಸಣ್ಣದಾಗಿಸಿಕೊಂಡು ಮಲಗಿರುವ ಜೀವ. ನೀರಿನಲ್ಲಿ ಹಾಕಿದೊಡನೆ ಅದು ಕೆಲವು ಗಂಟೆಗಳ ಕಾಲ ವೇಗವಾಗಿ ನೀರನ್ನು ಹೀರಿ ಉಬ್ಬುತ್ತದೆ. ಇದು ಮೊದಲನೆಯ ಹಂತ. ಇಲ್ಲಿ ಜೀವದ ಪಾತ್ರಕ್ಕಿಂತ ಬೀಜದ ಪದಾರ್ಥದ ಪಾತ್ರವೇ ಹೆಚ್ಚು. ಸತ್ತ ಬೀಜವೂ ನೀರು ಹೀರಿ ಉಬ್ಬುತ್ತದೆ. ಎರಡನೆಯ ಹಂತದಲ್ಲಿ ನೀರು ಹೀರುವುದು ಬಹುಮಟ್ಟಿಗೆ ನಿಂತುಹೋಗುತ್ತದೆ. ಹೊರಗಿನಿಂದ ನೋಡಿದರೆ ಏನೂ ನಡೆಯುತ್ತಿಲ್ಲವೆಂದು ತೋರುತ್ತದೆ. ಆದರೆ ಒಳಗೆ ದೊಡ್ಡ ಕೆಲಸಗಳೆಲ್ಲ ಆಗುವುದು ಈ ಹೊತ್ತಿನಲ್ಲಿಯೇ. ಸಂಗ್ರಹದ ಕಾಲದಲ್ಲಿ ಜೀವಕೋಶಗಳಿಗೆ ಆಗಿದ್ದ ಹಾನಿ ರಿಪೇರಿಯಾಗುತ್ತದೆ, ಉಸಿರಾಟ ಚುರುಕಾಗುತ್ತದೆ, ಪಿಷ್ಟವನ್ನು ಸಕ್ಕರೆಯನ್ನಾಗಿ ಒಡೆಯುವ ಕಿಣ್ವಗಳು ಸಿದ್ಧವಾಗುತ್ತವೆ. ಮೂರನೆಯ ಹಂತದಲ್ಲಿ ಬೇರಿನ ಮೊಳೆ ಸಿಪ್ಪೆಯನ್ನು ಸೀಳಿ ಹೊರಬರುತ್ತದೆ, ನೀರು ಹೀರುವುದು ಮತ್ತೆ ಹೆಚ್ಚುತ್ತದೆ.

ಇಲ್ಲಿ ಒಂದು ಗೆರೆಯಿದೆ. ಎರಡನೆಯ ಹಂತದಲ್ಲಿರುವ ಬೀಜವನ್ನು ಹೊರತೆಗೆದು ಒಣಗಿಸಿದರೆ ಅದು ಸಾಯುವುದಿಲ್ಲ. ಒಳಗೆ ಆದ ಸಿದ್ಧತೆಯ ಬಹುಭಾಗವನ್ನು ಉಳಿಸಿಕೊಂಡೇ ಮತ್ತೆ ಮಲಗುತ್ತದೆ. ಮುಂದೆ ನೆಲದಲ್ಲಿ ನೀರು ಸಿಕ್ಕಾಗ ಅರ್ಧ ದಾರಿ ಕ್ರಮಿಸಿದ ಪ್ರಯಾಣಿಕನಂತೆ ಅಲ್ಲಿಂದಲೇ ಮುಂದುವರಿಯುತ್ತದೆ. ಆದರೆ ಬೇರಿನ ಮೊಳೆ ಹೊರಬಂದು ಬೆಳೆದ ಮೇಲೆ ಒಣಗಿಸಿದರೆ ಆ ಮೊಳೆ ಕಮರುತ್ತದೆ. ಕಮರಿದ್ದು ಮತ್ತೆ ಚಿಗುರುವುದು ಅಪರೂಪ. ಬೀಜ ಹದಗೊಳಿಸುವ ವಿದ್ಯೆಯೆಲ್ಲ ಈ ಗೆರೆಯ ಹತ್ತಿರಕ್ಕೆ ಹೋಗಿ, ಅದನ್ನು ದಾಟದೆ ಹಿಂದಿರುಗುವುದರಲ್ಲಿ ಇದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ವಾಲ್ಟರ್ ಹೈಡೆಕರ್ ಮತ್ತು ಅವರ ಸಂಗಡಿಗರು 1973ರಲ್ಲಿ ಲವಣಸದೃಶವಾದ ದ್ರಾವಣದಲ್ಲಿ ಬೀಜವನ್ನಿರಿಸಿ, ಮೊಳೆಯೊಡೆಯಲು ಬೇಕಾದಷ್ಟು ನೀರು ಮಾತ್ರ ಸಿಗದಂತೆ ತಡೆದು, ಈ ಗೆರೆಯ ಈಚೆಗೆ ಬೀಜವನ್ನು ನಿಲ್ಲಿಸುವ ಉಪಾಯವನ್ನು ಪ್ರಕಟಿಸಿದರು. ಇದಕ್ಕೆ ಪ್ರೈಮಿಂಗ್ ಎಂಬ ಹೆಸರು ರೂಢಿಗೆ ಬಂದದ್ದು ಆಗಿನಿಂದ.

ಹೆಸರು ಹೊಸದಾದರೂ ಆಚಾರ ಹಳೆಯದು. ಗ್ರೀಕರ ಥಿಯೋಫ್ರಾಸ್ಟಸ್ ಸೌತೆಯ ಬೀಜವನ್ನು ಹಾಲಿನಲ್ಲಿಯೋ ನೀರಿನಲ್ಲಿಯೋ ನೆನೆಸಿ ಬಿತ್ತುವುದನ್ನು ಕ್ರಿಸ್ತಪೂರ್ವದಲ್ಲಿಯೇ ಬರೆದಿಟ್ಟಿದ್ದಾನೆ. ವರಾಹಮಿಹಿರನ ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯದಲ್ಲಿ ಬೀಜವನ್ನು ಹತ್ತು ದಿನ ಹಾಲಿನಲ್ಲಿ ಭಾವಿಸುವ ಕ್ರಮ ಬರುತ್ತದೆ. ಕನ್ನಡದಲ್ಲಿಯೂ, ಸುಮಾರು 1025ರಲ್ಲಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದಕ್ಕೆ ಪ್ರತ್ಯೇಕ ಅಧ್ಯಾಯವೇ ಇದೆ. ಈ ಗಂಗಾಳದಲ್ಲಿ ಎಲ್ಲವೂ ಸತ್ತ್ವವೆಂದು ನಾನು ಹೇಳಲಾರೆ. ಇವುಗಳಲ್ಲಿ ಹಲವು ಕ್ರಮಗಳು ಪರೀಕ್ಷೆಗೆ ನಿಲ್ಲುವಂಥವಲ್ಲ. ಹತ್ತು ದಿನ ಹಾಲಿನಲ್ಲಿ ಮುಳುಗಿದ ರಾಗಿ ಏನಾಗುವುದೆಂದು ಊಹಿಸಲು ಪಾಂಡಿತ್ಯ ಬೇಕಾಗಿಲ್ಲ.

ಆದರೆ ಒಂದು ಗ್ರಂಥದ ಮಾತು ನನ್ನನ್ನು ತಡೆದು ನಿಲ್ಲಿಸಿತು. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯ ಪ್ರತಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದದ್ದು 1905ರಲ್ಲಿ. ಅವರು ಅದನ್ನು ಅಚ್ಚು ಹಾಕಿಸಿದ್ದು 1909ರಲ್ಲಿ. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಸೀತಾಧ್ಯಕ್ಷ, ಅಂದರೆ ರಾಜನ ಬೇಸಾಯದ ಮೇಲ್ವಿಚಾರಕನ ಕರ್ತವ್ಯಗಳನ್ನು ಹೇಳುವಾಗ, ಧಾನ್ಯದ ಬೀಜಗಳನ್ನು ಏಳು ದಿನಗಳವರೆಗೆ ರಾತ್ರಿ ಇಬ್ಬನಿಗೆ ಒಡ್ಡಿ ಹಗಲು ಬಿಸಿಲಿನಲ್ಲಿ ಒಣಗಿಸಬೇಕೆಂದೂ, ಕಾಯೊಳಗಿನ ಕಾಳುಗಳಿಗಾದರೆ ಮೂರು ಅಥವಾ ಐದು ದಿನ ಸಾಕೆಂದೂ ವಿಧಿಸಲಾಗಿದೆ. ಹಾಲಿಲ್ಲ, ಜೇನಿಲ್ಲ, ಮಂತ್ರವಿಲ್ಲ. ರಾತ್ರಿ ಸ್ವಲ್ಪವೇ ತೇವ, ಹಗಲು ಒಣಗುವಿಕೆ. ಮತ್ತೆ ತೇವ, ಮತ್ತೆ ಒಣಗುವಿಕೆ. ಇಬ್ಬನಿಯ ನೀರಿನಿಂದ ಬೀಜ ಮೊಳೆಯೊಡೆಯುವಷ್ಟು ತೋಯುವುದಿಲ್ಲ. ಆ ಗೆರೆಯ ಈಚೆಗೇ ಇದ್ದು ಹಿಂದಿರುಗುವ ಉಪಾಯ ಇದು. ಕಾಳುಗಳಿಗೆ ದಿನ ಕಡಿಮೆ ಮಾಡಿರುವುದೂ ಅರ್ಥವತ್ತಾಗಿದೆ ಎಂದು ನನಗೆ ತೋರುತ್ತದೆ. ಧಾನ್ಯಕ್ಕಿಂತ ದ್ವಿದಳ ಬೀಜ ನೀರನ್ನು ಬೇಗ ಹೀರುತ್ತದೆ, ಬೇಗ ಬಿರಿಯುತ್ತದೆ.

ಇನ್ನು ಪತ್ರದ ಪ್ರಶ್ನೆಗೆ ಬರೋಣ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ರಾಗಿಗೆ ಶಿಫಾರಸು ಮಾಡುತ್ತ ಬಂದಿರುವ ಕ್ರಮ ಹೀಗಿದೆ: ಒಂದು ಕಿಲೋ ಬೀಜವನ್ನು ಒಂದು ಲೀಟರ್ ನೀರಿನಲ್ಲಿ 6 ಗಂಟೆ ನೆನೆಸಬೇಕು. ನೀರನ್ನು ಬಸಿದು ಒದ್ದೆ ಬಟ್ಟೆಯ ಚೀಲದಲ್ಲಿ ಬಿಗಿಯಾಗಿ ಕಟ್ಟಿ 2 ದಿನ ಇಡಬೇಕು. ಮೊಳಕೆಯ ಮೊದಲ ಸೂಚನೆ ಕಂಡಾಗ ತೆಗೆದು, ಒಣ ಬಟ್ಟೆಯ ಮೇಲೆ ನೆರಳಿನಲ್ಲಿ 2 ದಿನ ಒಣಗಿಸಿ ಬಿತ್ತಬೇಕು. ಇದರಲ್ಲಿ ತಪ್ಪಿಲ್ಲ. ಆದರೆ ಇದು ಮುಂಗಾರಿನ ಬಿತ್ತನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ ಮಾತೆಂದು ತಿಳಿಯಬೇಕು. ಆ ವಾಕ್ಯದಲ್ಲಿ ಎರಡು ದಿನ ಎಂಬುದು ಅಂದಾಜು, ಮೊಳಕೆಯ ಮೊದಲ ಸೂಚನೆ ಎಂಬುದು ಆಜ್ಞೆ. ನಮ್ಮ ಉಪಾಧ್ಯಾಯರು ಅಂದಾಜನ್ನು ಆಜ್ಞೆಯೆಂದೂ ಆಜ್ಞೆಯನ್ನು ಅಲಂಕಾರವೆಂದೂ ಓದಿಕೊಂಡರು. ಅಕ್ಷರಸ್ಥರಿಗೆ ಇದು ಸಹಜವಾದ ತೊಡಕು. ಸಂಖ್ಯೆ ಕಂಡರೆ ನಮಗೆ ಭಕ್ತಿ ಹೆಚ್ಚು.

ಕಾಲವನ್ನು ಉಷ್ಣತೆಯಿಂದ ಗುಣಿಸಿ ನೋಡಬೇಕೆಂಬುದು ಸಸ್ಯಶಾಸ್ತ್ರದ ಒಂದು ಸರಳ ಲೆಕ್ಕ. ಪ್ರತಿಯೊಂದು ಬೀಜಕ್ಕೂ ಒಂದು ತಳದ ಉಷ್ಣತೆಯಿರುತ್ತದೆ. ಅದಕ್ಕಿಂತ ಕೆಳಗೆ ಬೆಳವಣಿಗೆ ನಿಂತುಹೋಗುತ್ತದೆ. ಗೋಧಿ, ಕಡಲೆಗಳಿಗೆ ಇದು ಸೊನ್ನೆ ಡಿಗ್ರಿಯ ಸಮೀಪ. ರಾಗಿ, ಜೋಳ, ಸಜ್ಜೆಗಳಂತಹ ಬೆಚ್ಚನೆಯ ನಾಡಿನ ಧಾನ್ಯಗಳಿಗೆ ಸ್ಥೂಲವಾಗಿ 10 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು. ಈ ತಳದ ಮೇಲೆ ದಿನವೊಂದಕ್ಕೆ ಎಷ್ಟು ಡಿಗ್ರಿ ದೊರೆಯಿತೋ ಅಷ್ಟು ಬೀಜದ ಖಾತೆಗೆ ಜಮಾ ಆಗುತ್ತದೆ. ಜುಲೈ ತಿಂಗಳಿನಲ್ಲಿ ಬೆಂಗಳೂರು ಸೀಮೆಯ ಹಗಲು ಸುಮಾರು 28, ರಾತ್ರಿ ಸುಮಾರು 20, ಸರಾಸರಿ 24. ಅಂದರೆ ದಿನಕ್ಕೆ 14 ಜಮಾ, ಎರಡು ದಿನಕ್ಕೆ 28. ಕೈಪಿಡಿಯ ಎರಡು ದಿನಗಳ ನಿಜವಾದ ಬೆಲೆ ಇದು.

ಜನವರಿಯಲ್ಲಿ ರಾತ್ರಿಯ ಉಷ್ಣತೆ 15ರ ಆಸುಪಾಸಿಗೆ ಇಳಿಯುತ್ತದೆ. ಅದರ ಮೇಲೆ, ಗಾಳಿಗೆ ತೂಗುಬಿಟ್ಟ ಒದ್ದೆ ಗಂಟು ಮಣ್ಣಿನ ಹೂಜಿಯಂತೆ ತಾನೇ ತಣ್ಣಗಾಗುತ್ತದೆ. ಆ ಗಂಟಿನೊಳಗಿನ ಸರಾಸರಿ 17 ಇದ್ದಿತೆಂದು ಇಟ್ಟುಕೊಳ್ಳೋಣ. ದಿನಕ್ಕೆ 7 ಮಾತ್ರ ಜಮಾ. 28 ತುಂಬಲು ನಾಲ್ಕು ದಿನ ಬೇಕು. ಎರಡನೆಯ ದಿನಕ್ಕೆ ಬೀಜ ಅರ್ಧ ದಾರಿಯಲ್ಲಿತ್ತು. ಸತ್ತಿರಲಿಲ್ಲ; ಚಳಿಯಲ್ಲಿ ನಿಧಾನವಾಗಿ ನಡೆಯುತ್ತಿತ್ತು. ಕೋಳಿಗಳು ಪುಣ್ಯವಂತವು. ಮೇ ತಿಂಗಳಿನಲ್ಲಿ ತಗಡಿನ ಕೆಳಗೆ ಗಂಟಿನ ಸರಾಸರಿ 31 ಎಂದುಕೊಂಡರೆ ದಿನಕ್ಕೆ 21 ಜಮಾ. ಅದೇ 28ಕ್ಕೆ 32 ಗಂಟೆ ಸಾಕು. ಉಳಿದ 16 ಗಂಟೆಗಳಲ್ಲಿ ಬೀಜ ಗೆರೆಯನ್ನು ದಾಟಿ ಬಹುದೂರ ಹೋಗಿತ್ತು. ಅದನ್ನು ಒಣಗಿಸಿದ್ದು ಮೊಳೆತ ಪೈರನ್ನು ಒಣಗಿಸಿದಂತೆ. ಚೀಲ ಒಂದೇ, ಕೈ ಒಂದೇ, ಗಂಟೆಗಳೂ ಒಂದೇ, ಋತು ಬೇರೆ. ಈ ಅಂಕಿಗಳು ವಿವರಣೆಗಾಗಿ ಹಾಕಿದ ಅಂದಾಜಿನವು, ತಳಿಯಿಂದ ತಳಿಗೆ ವ್ಯತ್ಯಾಸವಾಗುವಂಥವು. ಆದರೆ ಅವುಗಳ ನಡುವಣ ಪ್ರಮಾಣ ಒಂದಕ್ಕೆ ಮೂರರಷ್ಟಾಗಬಲ್ಲುದು ಎಂಬುದೇ ಮುಖ್ಯ.

ಈ ಲೆಕ್ಕಕ್ಕೆ ಮೇಲಿನ ಎಲ್ಲೆಯೂ ಇದೆ. 30ರಿಂದ 35 ಡಿಗ್ರಿಯವರೆಗೆ ವೇಗ ಹೆಚ್ಚುತ್ತ ಹೋಗಿ, ಅಲ್ಲಿಂದ ಮುಂದೆ ಕುಗ್ಗುತ್ತದೆ. 45ರ ಸಮೀಪದಲ್ಲಿ ಬೆಚ್ಚನೆಯ ನಾಡಿನ ಧಾನ್ಯಗಳಿಗೂ ಉಸಿರು ಕಟ್ಟುತ್ತದೆ. ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಯಿತು. 2024ರ ಏಪ್ರಿಲ್ ಕೊನೆಯಲ್ಲಿಯೂ 38ನ್ನು ದಾಟಿತು. ಇದು ಗಾಳಿಯ ಉಷ್ಣತೆ. ಬರಿಯ ಮಣ್ಣಿನ ಮೇಲ್ಪದರ ಬೇಸಿಗೆಯ ಮಧ್ಯಾಹ್ನ 50 ಡಿಗ್ರಿಯನ್ನು ಮುಟ್ಟುವುದುಂಟು. ರಾಗಿಯನ್ನು ನಾವು ಬಿತ್ತುವುದು ಒಂದು ಅಂಗುಲದಷ್ಟೇ ಆಳದಲ್ಲಿ. ಅದಕ್ಕಿಂತ ಆಳಕ್ಕೆ ಹೋದರೆ ಅಷ್ಟು ಸಣ್ಣ ಬೀಜದ ಕುಡಿ ಮೇಲೆ ಬರಲಾರದು. ಆದ್ದರಿಂದ ಮಳೆ ಬೀಳುವ ಮೊದಲೇ ಹದಗೊಳಿಸಿದ ಬೀಜವನ್ನು ಕಾದ ಮಣ್ಣಿಗೆ ಹಾಕಿ ಆಕಾಶವನ್ನು ನೋಡುತ್ತ ಕೂರುವುದು ಸಲ್ಲದು.

ಹಾಗಾದರೆ ಹದಗೊಳಿಸಿ ಪ್ರಯೋಜನವೇನೆಂದು ಕೇಳಬಹುದು. ಪ್ರಯೋಜನ ಬಹಳವಿದೆ, ಆದರೆ ಅದು ಇರುವುದು ಸಮಯದಲ್ಲಿ. ಮಳೆಯಾಶ್ರಿತ ಹೊಲದಲ್ಲಿ ಒಂದು ಹದಮಳೆ ಬಿದ್ದ ಮೇಲೆ ಮೇಲ್ಮಣ್ಣಿನ ತೇವ ಕೆಲವೇ ದಿನ ಇರುತ್ತದೆ. ಕೆಂಪುಮಣ್ಣಾದರೆ ಬೇಗ ಹೆಪ್ಪುಗಟ್ಟುತ್ತದೆ. ಒಣಬೀಜವು ಆ ತೇವದಲ್ಲಿ ನೀರು ಹೀರಿ, ಒಳಗಿನ ಸಿದ್ಧತೆ ಮುಗಿಸಿ, ಬೇರು ಇಳಿಸುವಷ್ಟರಲ್ಲಿ ಮಣ್ಣು ಒಣಗಿರುತ್ತದೆ. ಹದಗೊಂಡ ಬೀಜವು ಒಂದೆರಡು ದಿನ ಮುಂದಿರುತ್ತದೆ. ಆ ಒಂದೆರಡು ದಿನದಲ್ಲಿ ಬೇರು ಕೆಳಗಿನ ತೇವವನ್ನು ಮುಟ್ಟಿದರೆ ಪೈರು ಉಳಿಯುತ್ತದೆ, ಇಲ್ಲದಿದ್ದರೆ ಮರುಬಿತ್ತನೆ. 2023ರಲ್ಲಿ ಆದದ್ದನ್ನು ಮರೆಯುವಂತಿಲ್ಲ. ಆ ವರ್ಷದ ಆಗಸ್ಟ್ ತಿಂಗಳು ದೇಶಕ್ಕೆ 1901ರಿಂದೀಚೆಗೆ ಅತ್ಯಂತ ಒಣ ಆಗಸ್ಟ್ ಆಗಿತ್ತು. ಆಶ್ಲೇಷ, ಮಖೆ ಮಳೆಗಳು ಕೈಕೊಟ್ಟವು. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ವಿಶ್ವಸಂಸ್ಥೆ ಆಚರಿಸಿದ್ದೂ ಅದೇ ವರ್ಷ! ನಗರದ ಸಭಾಂಗಣಗಳಲ್ಲಿ ರಾಗಿಯ ತಿನಿಸುಗಳ ಪ್ರದರ್ಶನ ನಡೆಯುತ್ತಿದ್ದಾಗ ಹೊಲಗಳಲ್ಲಿ ರಾಗಿಯ ಸಾಲುಗಳು ಬೆಳ್ಳಗಾಗುತ್ತಿದ್ದವು. ಅಂತಹ ಬರವನ್ನು ಬೀಜ ನೆನೆಸಿ ಗೆಲ್ಲಲಾಗದು. ಹದಗೊಳಿಸುವಿಕೆ ಮಳೆಯ ಸ್ಥಾನದಲ್ಲಿ ನಿಲ್ಲುವುದಿಲ್ಲ, ಸತ್ತ ಬೀಜಕ್ಕೆ ಜೀವ ಕೊಡುವುದೂ ಇಲ್ಲ. ಆದರೆ ಎರಡು ಮಳೆಗಳ ನಡುವಣ ಹತ್ತು ಹನ್ನೆರಡು ದಿನಗಳ ಬಿಡುವನ್ನು ದಾಟಲು ಎಳೆಯ ಪೈರಿಗೆ ಅದು ಆಸರೆಯಾಗುತ್ತದೆ. ನೀರಾವರಿಯ ಹೊಲದಲ್ಲಿ, ಬೆಚ್ಚನೆಯ ಕಾಲದಲ್ಲಿ, ಲಾಭ ಅಲ್ಪ. ಅಲ್ಲಿ ಈ ಶ್ರಮವನ್ನು ನಾನು ಒತ್ತಾಯಿಸುವುದಿಲ್ಲ.

ಈಗ ಕ್ರಮವನ್ನು ಹೇಳುವೆ. ಬೀಜವನ್ನು ನೆನೆಸುವ ಮುನ್ನ ಅದರಲ್ಲಿ ಜೀವವೆಷ್ಟಿದೆ ಎಂದು ನೋಡಿಕೊಳ್ಳಿರಿ. ನೂರು ಕಾಳುಗಳನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುರುಳಿ ಸುತ್ತಿ ಬೆಚ್ಚನೆಯ ಕಡೆಯಲ್ಲಿ ಒಂದು ವಾರ ಇಟ್ಟರೆ ಸಾಕು. ಪ್ರಮಾಣಿತ ರಾಗಿ ಬೀಜ ನೂರಕ್ಕೆ ಕನಿಷ್ಠ 75 ಮೊಳೆಯಬೇಕೆಂಬುದು ನಮ್ಮ ದೇಶದ ನಿಯಮ. ಚೀಲದ ಚೀಟಿಯ ಮೇಲಿನ ಆ ಸಂಖ್ಯೆ ಪ್ರಯೋಗಶಾಲೆಯಲ್ಲಿ 20ರಿಂದ 30 ಡಿಗ್ರಿಯ ಸುಖದಲ್ಲಿ ದೊರೆತದ್ದೆಂಬುದು ನೆನಪಿರಲಿ. ಜನವರಿಯ ಒಟ್ಲು ಪಾತಿಯಲ್ಲಿ ಅಷ್ಟೇ ಬೇಗ ಅಷ್ಟೂ ಮೊಳೆಯುವುದೆಂದು ಚೀಟಿ ಭರವಸೆ ಕೊಟ್ಟಿಲ್ಲ. ಅನಂತರ 6 ಗಂಟೆ ನೆನೆಸುವುದು. ನೀರು ಮಂಜಿನಂತಿದ್ದರೆ ಉಗುರುಬೆಚ್ಚಗೆ ಮಾಡಿಕೊಳ್ಳಬಹುದು. ಕೈ ಸುಡುವಷ್ಟು ಬಿಸಿ ಬೇಡ. ಗಂಟು ಕಟ್ಟಿದ ಮೇಲೆ ಬೆಳಿಗ್ಗೆ ಸಂಜೆ ಬಿಚ್ಚಿ ನೋಡಬೇಕು. ನಡುವಿನ ಕಾಳುಗಳು ಅಂಚಿನವಕ್ಕಿಂತ ಬೆಚ್ಚಗಿರುವುದರಿಂದ ಒಮ್ಮೆ ಕೈಯಾಡಿಸಿ ಮೇಲೆ ಕೆಳಗೆ ಮಾಡಬೇಕು. ನೂರರಲ್ಲಿ ಎರಡು ಮೂರು ಕಾಳುಗಳ ತುದಿಯಲ್ಲಿ ಬಿಳಿಯ ಚುಕ್ಕೆ ಕಂಡ ಕೂಡಲೇ, ಅದು 30 ಗಂಟೆಗಾದರೂ ಸರಿ, 90 ಗಂಟೆಗಾದರೂ ಸರಿ, ನೆರಳಿನಲ್ಲಿ ತೆಳ್ಳಗೆ ಹರಡಿಬಿಡಬೇಕು. ಒಣಗಿದ ಮೇಲೆ ತೂಕ ಮೊದಲಿನಷ್ಟಕ್ಕೆ ಬಂದಿರಬೇಕು. ಹದಗೊಂಡ ಬೀಜ ಹೆಚ್ಚು ದಿನ ಬಾಳುವುದಿಲ್ಲ. ಅದನ್ನು ಮುಂದಿನ ವರ್ಷಕ್ಕೆಂದು ಕಣಜದಲ್ಲಿ ಇಡಬಾರದು. ಆದಷ್ಟು ಬೇಗ ಬಿತ್ತಿಬಿಡಬೇಕು.

ಕಣ್ಣು ತಪ್ಪಿ ಮೊಳಕೆ ಪೂರ್ತಿ ಹೊರಬಂದಿದ್ದರೆ ಆಗಲೂ ಎಲ್ಲವೂ ಕೆಟ್ಟಿತೆಂದಲ್ಲ. ಒಣಗಿಸಬಾರದು, ಅಷ್ಟೇ. ಭತ್ತದ ಬೇಸಾಯಗಾರರು ಬೀಜವನ್ನು ಒಂದು ದಿನ ನೆನೆಸಿ, ಒಂದು ದಿನ ಕಾವಿಗಿಟ್ಟು, ಮೊಳಕೆ ಬಂದದ್ದನ್ನೇ ಕೆಸರಿನ ಸಸಿಮಡಿಗೆ ಚೆಲ್ಲುವುದಿಲ್ಲವೇ? ಹಾಗೆಯೇ ಈ ರಾಗಿಯನ್ನೂ ಸಂಜೆಯ ಹೊತ್ತು ತೇವವಿರುವ ಒಟ್ಲು ಪಾತಿಗೆ ಹಾಕಿ, ತೆಳ್ಳಗೆ ಗೊಬ್ಬರ ಮುಚ್ಚಿ, ನೀರು ಚಿಮುಕಿಸಬಹುದು. ಮೂರು ವಾರ ಕಳೆದ ಮೇಲೆ ನಾಟಿಗೆ ಸಸಿ ಸಿಗುತ್ತದೆ. ಕೂರಿಗೆಯ ಬಿತ್ತನೆಗೆ ಎಕರೆಗೆ ಐದು ಕಿಲೋದಷ್ಟು ಬೀಜ ಹಿಡಿದರೆ ನಾಟಿಗೆ ಎರಡು ಕಿಲೋ ಸಾಕಾಗುತ್ತದೆ. ಉಪಾಧ್ಯಾಯರು ಮೇ ತಿಂಗಳಿನಲ್ಲಿ ಹೀಗೆ ಮಾಡಿದ್ದರೆ ಅವರ ಎರಡೆಕರೆ ತುಂಬುತ್ತಿತ್ತು.

ಸಸಿಯ ಮಾತು ಬಂದದ್ದರಿಂದ ಇದೊಂದನ್ನು ಹೇಳದೆ ಮುಂದೆ ಹೋಗಲಾರೆ. ಹಾವೇರಿ ಜಿಲ್ಲೆಯ ರೈತರಲ್ಲಿ ಗುಳಿ ರಾಗಿ ಎಂಬ ಪದ್ಧತಿಯಿದೆ. ಚೌಕವಾಗಿ ಸಾಲು ಹೊಡೆದು, ಸಾಲು ಕೂಡುವಲ್ಲಿ ಗುಳಿ ಮಾಡಿ, ಒಂದು ಹಿಡಿ ಗೊಬ್ಬರ ಹಾಕಿ, ಎಳೆಯ ಸಸಿಗಳನ್ನು ನೆಡುತ್ತಾರೆ. ಸಸಿ ಹಿಡಿದುಕೊಂಡ ಮೇಲೆ ಅದರ ಮೇಲೆ ಮರದ ಕೊರಡನ್ನು ಎಳೆದು ಬಾಗಿಸುತ್ತಾರೆ. ನೋಡಿದವರಿಗೆ ಕ್ರೌರ್ಯವೆನಿಸಬಹುದು, ಆದರೆ ಬಾಗಿದ ಸಸಿ ಬುಡದಲ್ಲಿ ಹೆಚ್ಚು ತೆಂಡೆಯೊಡೆಯುತ್ತದೆ. ಬೀಜವನ್ನು ನೆನೆಸಿ ಒಣಗಿಸುವುದಕ್ಕೂ ಸಸಿಯನ್ನು ಬಾಗಿಸಿ ಏಳಿಸುವುದಕ್ಕೂ ಒಳಗಿನ ಕಾರಣಗಳು ಬೇರೆ ಬೇರೆ. ಅಳತೆ ಮೀರದ ಕಷ್ಟವನ್ನು ಗಿಡಕ್ಕೆ ಮೊದಲೇ ಕೊಡುವ ಜಾಣತನ ಮಾತ್ರ ಒಂದೇ.

ನಮ್ಮ ಪತ್ರಿಕೆಯ ಓದುಗರಲ್ಲಿ ಧಾರವಾಡ, ವಿಜಯಪುರ, ಗದಗಿನ ಕಡೆಯಿಂದ ಬಂದು ವಿಜಯನಗರ, ಕೆಂಗೇರಿಗಳಲ್ಲಿ ನೆಲೆಸಿದವರು ಅನೇಕರಿದ್ದಾರೆ. ಅವರ ಊರಿನ ಕಪ್ಪುನೆಲದಲ್ಲಿ ಹಿಂಗಾರಿಗೆ ಕಡಲೆ ಹಾಕುತ್ತಾರೆ. ಕಡಲೆಗೆ ರಾಗಿಯ ಕ್ರಮ ಹೊಂದುವುದಿಲ್ಲ. 1990ರ ದಶಕದಲ್ಲಿ ಬ್ರಿಟನ್ನಿನ ಡೇವಿಡ್ ಹ್ಯಾರಿಸ್ ಮತ್ತು ಸಂಗಡಿಗರು ಪಶ್ಚಿಮ ಭಾರತದ ಒಣಸೀಮೆಯ ರೈತರ ಹೊಲಗಳಲ್ಲಿ ರೈತರ ಕೈಯಿಂದಲೇ ಪರೀಕ್ಷೆ ಮಾಡಿಸಿ ಕಂಡುಕೊಂಡದ್ದು ಇನ್ನೂ ಸುಲಭವಾದುದು: ಕಡಲೆಯನ್ನು ರಾತ್ರಿ 8 ಗಂಟೆಯಷ್ಟು ಕಾಲ ನೆನೆಸಿ, ಬೆಳಿಗ್ಗೆ ಮೇಲಿನ ತೇವ ಆರಿಸಿ, ಆ ದಿನವೇ ಬಿತ್ತಿಬಿಡುವುದು. ಗಂಟಿಲ್ಲ, ಮೊಳಕೆಯಿಲ್ಲ. ಬಾಂಗ್ಲಾದೇಶದ ಬಾರಿಂದ್ ಸೀಮೆಯಲ್ಲಿ ಭತ್ತದ ಕೊಯ್ಲಿನ ನಂತರ ಉಳಿದ ತೇವದಲ್ಲಿ ಕಡಲೆ ಬೆಳೆಯಲು ಇದರಿಂದ ಒಳ್ಳೆಯ ನೆರವಾಯಿತು. ಪ್ರತಿಯೊಂದು ಬೆಳೆಗೂ ಒಂದು ಸುರಕ್ಷಿತ ಮಿತಿಯಿದೆ, ಅದನ್ನು ಮೀರಿ ನೆನೆಸಿದರೆ ಬೀಜ ನೆಲ ಸೇರುವ ಮುನ್ನವೇ ಮೊಳೆಯುತ್ತದೆ ಅಥವಾ ಉಸಿರುಗಟ್ಟಿ ಕೊಳೆಯುತ್ತದೆ ಎಂಬುದನ್ನು ಅವರು ಒತ್ತಿ ಹೇಳಿದರು. ಸೋಯಾ ಅವರೆಯನ್ನಂತೂ ನೆನೆಸಲೇಬಾರದು. ಅದರ ತೆಳುಸಿಪ್ಪೆಯ ಒಳಗಿನ ಬೇಳೆ ಒಮ್ಮೆಗೇ ನೀರು ಹೀರಿ ಬಿರಿದು, ಸತ್ತ್ವವೆಲ್ಲ ನೀರಿಗೆ ಸೋರಿಹೋಗುತ್ತದೆ. ತಣ್ಣೀರಾದರೆ ಹಾನಿ ಇನ್ನೂ ಹೆಚ್ಚು. ಮಾಗಡಿ, ರಾಮನಗರಗಳ ಕಡೆ ರಾಗಿಯ ನಡುವೆ ಅಕ್ಕಡಿ ಸಾಲಿಗೆ ಹಾಕುವ ಅವರೆ, ತೊಗರಿಗಳನ್ನು ಒಣದಾಗಿಯೇ ಬಿತ್ತುವುದು ಲೇಸು.

ಹೊಲವಿಲ್ಲದವರು ಈ ಪುಟವನ್ನು ಮಗುಚಬೇಕಾಗಿಲ್ಲ. ರಾಜಾಜಿನಗರದ, ಬಸವೇಶ್ವರನಗರದ ಮನೆಗಳ ತಾರಸಿಯ ಮೇಲೆ ಕುಂಡಗಳಲ್ಲಿ ಮೆಣಸಿನಕಾಯಿ, ಟೊಮ್ಯಾಟೊ, ಬೆಂಡೆ ಬೆಳೆಯುವ ಸೋದರಿಯರು ಡಿಸೆಂಬರಿನಲ್ಲಿ ಬೀಜ ಹಾಕಿ, ಹತ್ತು ದಿನ ಕಾದು, ಅಂಗಡಿಯವನನ್ನು ಶಪಿಸುವುದನ್ನು ಕೇಳಿದ್ದೇನೆ. ಅಂಗಡಿಯವನು ಬಹುಮಟ್ಟಿಗೆ ನಿರಪರಾಧಿ. ಕ್ಯಾಲಿಫೋರ್ನಿಯಾದಲ್ಲಿ ಹ್ಯಾರಿಂಗ್ಟನ್ ಎಂಬ ಬೀಜವಿಜ್ಞಾನಿ 1950ರ ದಶಕದಲ್ಲಿ ತರಕಾರಿ ಬೀಜಗಳನ್ನು ಬೇರೆ ಬೇರೆ ಉಷ್ಣತೆಯಲ್ಲಿ ಮೊಳೆಯಿಸಿ ಎಣಿಸಿದ ದಿನಗಳು ಇಂದಿಗೂ ಎಲ್ಲೆಡೆ ಬಳಕೆಯಲ್ಲಿವೆ. ಮಣ್ಣು 25 ಡಿಗ್ರಿ ಇದ್ದರೆ ಮೆಣಸಿನ ಪೈರು 8 ದಿನಕ್ಕೆ ಮೇಲೆ ಬರುತ್ತದೆ, 20ಕ್ಕೆ 13 ದಿನ, 15ಕ್ಕೆ 25 ದಿನ. ಟೊಮ್ಯಾಟೊ 25ರಲ್ಲಿ 6 ದಿನ, 15ರಲ್ಲಿ 14 ದಿನ, 10ರಲ್ಲಿ 43 ದಿನ. ಬೆಂಡೆ 30ರಲ್ಲಿ 7 ದಿನಕ್ಕೆ ಏಳುತ್ತದೆ, 20ರಲ್ಲಿ 17 ದಿನ ಹಿಡಿಯುತ್ತದೆ. ಅಷ್ಟು ದಿನ ತಣ್ಣನೆಯ ಒದ್ದೆ ಮಣ್ಣಿನಲ್ಲಿ ಬಿದ್ದಿರುವ ಬೀಜ ಶಿಲೀಂಧ್ರಕ್ಕೂ ಇರುವೆಗೂ ಆಹಾರವಾಗುವುದರಲ್ಲಿ ಆಶ್ಚರ್ಯವೇನು? ಚಳಿಗಾಲದಲ್ಲಿ ಸಸಿ ಮಾಡುವ ತಟ್ಟೆಯನ್ನು ತಾರಸಿಯ ನೆಲದ ಮೇಲಿಡದೆ ರಾತ್ರಿ ಅಡುಗೆಮನೆಯೊಳಗೆ ತಂದಿಟ್ಟುಕೊಂಡರೆ ಅರ್ಧ ಸಮಸ್ಯೆ ಪರಿಹಾರವಾಗುತ್ತದೆ. ಮೆಣಸು, ಟೊಮ್ಯಾಟೊ ಬೀಜವನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಆರಿಸಿ ಹಾಕಿದರೆ ಇನ್ನೂ ಒಂದೆರಡು ದಿನ ಉಳಿಯುತ್ತದೆ.

ಕೊತ್ತಂಬರಿಯದು ಇದಕ್ಕೆ ವಿರುದ್ಧ ಸ್ವಭಾವ. ಅದಕ್ಕೆ ತಂಪು ಬೇಕು. ಏಪ್ರಿಲ್‌ನಲ್ಲಿ ಕಾದ ತಾರಸಿಯ ಕುಂಡಕ್ಕೆ ಹಾಕಿದರೆ ಸರಿಯಾಗಿ ಮೊಳೆಯದು, ಮೊಳೆತರೂ ಎಲೆ ಬಿಡುವ ಮೊದಲು ಹೂವಿಗೆ ಹೋಗುತ್ತದೆ. ದನಿಯದ ಒಂದು ಕಾಯಿಯೊಳಗೆ ಎರಡು ಬೀಜಗಳಿರುತ್ತವೆ. ಚಪ್ಪಲಿಯ ಅಡಿಯಲ್ಲಿಯೋ ಲಟ್ಟಣಿಗೆಯಿಂದಲೋ ಹಗುರವಾಗಿ ಉಜ್ಜಿ ಎರಡಾಗಿ ಬಿಡಿಸಿ, ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಮನೆಯ ತಣ್ಣನೆಯ ಮೂಲೆಯಲ್ಲಿ ಒಂದು ದಿನ ಇಟ್ಟು, ಮಧ್ಯಾಹ್ನದ ಬಿಸಿಲು ಬೀಳದ ಪೂರ್ವದಿಕ್ಕಿನ ಕುಂಡದಲ್ಲಿ ಹಾಕಿ ನೋಡಿರಿ. ಅದೂ ಆಗದಿದ್ದರೆ ಮೊದಲ ಮಳೆ ಬಿದ್ದು ನೆಲ ತಣಿಯುವವರೆಗೆ ಮಾರುಕಟ್ಟೆಯ ಕಟ್ಟನ್ನೇ ಕೊಳ್ಳುವುದು ಉಳಿತಾಯ.